ಲಾಡ್ಜಿನ ತಿಗಣೆ ಬ್ಯಾಗಿನಲ್ಲಿ ಬಂದಿದೆಯೇ?

ಪ್ರಶ್ನೆ: ನಾವು ಶಿವಮೊಗ್ಗದವರು. ನೆಂಟರ ಮದುವೆಗೆಂದು ಮೈಸೂರಿಗೆ ಹೋಗಿ ಒಂದು ಲಾಡ್ಜಿನಲ್ಲಿ ಎರಡು ರಾತ್ರಿ ಇಳಿದಿದ್ದೆವು. ಎರಡನೇ ರಾತ್ರಿ ಮಗಳು ಕೆರೆದುಕೊಳ್ಳುತ್ತಾ ಎದ್ದಳು. ಲೈಟ್ ಹಾಕಿ ನೋಡಿದರೆ ದಿಂಬಿನ ಮೇಲೆ ಎರಡು ತಿಗಣೆ. ಮ್ಯಾನೇಜರ್ ಪಕ್ಕದ ಕೋಣೆ ಕೊಟ್ಟರು, ಬೆಳಗಾದ ಮೇಲೆ ಹೊರಟು ಬಂದೆವು. ಬ್ಯಾಗುಗಳನ್ನು ಒಳಗೆ ತರದೆ ಜಗಲಿಯಲ್ಲೇ ಇಟ್ಟಿದ್ದೇವೆ. ಅದರಲ್ಲಿ ನಾಲ್ಕು ರೇಷ್ಮೆ ಸೀರೆಗಳಿವೆ. ಮಳೆ ಬಿಡುತ್ತಿಲ್ಲ, ಬಿಸಿಲಿಗೆ ಹಾಕುವ ಹಾಗಿಲ್ಲ. ಬ್ಯಾಗಿನೊಳಗೆ ಜಿರಳೆ ಸ್ಪ್ರೇ ಹೊಡೆಯೋಣವೇ? ನಾಲ್ಕು ವರ್ಷದ ಮಗಳಿಗೆ ಇದರಿಂದ ಕಾಯಿಲೆ ಬರುತ್ತದೆಯೇ? ಲಾಡ್ಜಿನವರಿಂದ ಹಣ ವಾಪಸ್ ಕೇಳಬಹುದೇ?

ಉತ್ತರ: ಬ್ಯಾಗುಗಳನ್ನು ಜಗಲಿಯಲ್ಲೇ ನಿಲ್ಲಿಸಿದಿರಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಲಾಡ್ಜಿನ ಮಂಚದಲ್ಲಿರುವ ತಿಗಣೆ ಲಾಡ್ಜಿನವರ ತಲೆನೋವು. ಬ್ಯಾಗಿನ ಹೊಲಿಗೆಯಲ್ಲಿ ಕೂತು ಊರಿಗೆ ಬಂದಿರುವ ಒಂದೇ ಒಂದು ಹೆಣ್ಣು ತಿಗಣೆ ಮಾತ್ರ ನಿಮ್ಮದು. ಅದು ಗರ್ಭ ಕಟ್ಟಿದ್ದರೆ ಸಾಕು, ಗಂಡಿನ ನೆರವಿಲ್ಲದೆಯೇ ದಿನಕ್ಕೆ ಒಂದರಿಂದ ಐದು ಮೊಟ್ಟೆಯಂತೆ ವಾರಗಟ್ಟಲೆ ಇಡುತ್ತಾ ಹೋಗುತ್ತದೆ. ಅದನ್ನು ಕೊಲ್ಲುವುದು ಬಿಸಿ, ಇಲ್ಲವೇ ಕಡುಚಳಿ. ಸ್ಪ್ರೇ ಬೇಡ.

ಮೊದಲು ಮಗುವಿನ ವಿಷಯ. ಸೊಳ್ಳೆ ಮಲೇರಿಯಾ ಹರಡುವಂತೆ ತಿಗಣೆ ಮನುಷ್ಯರಿಗೆ ಯಾವುದೇ ರೋಗ ಹರಡುತ್ತದೆ ಎಂಬುದು ಇದುವರೆಗೆ ಸಾಬೀತಾಗಿಲ್ಲ. ತೊಂದರೆ ಇರುವುದು ತುರಿಕೆಯಲ್ಲಿ, ಕೆರೆದು ಗಾಯವಾಗಿ ಕೀವು ತುಂಬುವುದರಲ್ಲಿ. ಕಚ್ಚಿದ ಜಾಗವನ್ನು ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆಯಿರಿ, ದಿನಕ್ಕೆರಡು ಮೂರು ಸಲ ಕ್ಯಾಲಮೈನ್ ಲೋಷನ್ ಹಚ್ಚಿ, ಉಗುರು ಕತ್ತರಿಸಿ. ತುರಿಕೆಯ ಸಿರಪ್ ಬೇಕೆನಿಸಿದರೆ ಮಗುವಿನ ತೂಕ ನೋಡಿ ಡಾಕ್ಟರೇ ಅಳತೆ ಹೇಳಬೇಕು. ದದ್ದು ಊದಿ ಬಿಸಿಯಾದರೆ, ಕೀವಾದರೆ, ಜ್ವರ ಬಂದರೆ ತಡ ಮಾಡದೆ ತೋರಿಸಿ. ಇನ್ನೊಂದು ಮಾತು: ಕಚ್ಚಿದ ಗುರುತು ಎಲ್ಲರಲ್ಲೂ ಮರುದಿನವೇ ಕಾಣುವುದಿಲ್ಲ. ಕೆಲವರಿಗೆ ಒಂದು, ಎರಡು ವಾರ ಬಿಟ್ಟು ಏಳುತ್ತದೆ, ಕೆಲವರಿಗೆ ಏಳುವುದೇ ಇಲ್ಲ. ಹಾಗಾಗಿ ಇನ್ನು ಹತ್ತು ದಿನಕ್ಕೆ ನಿಮ್ಮ ಕೈಮೇಲೆ ಹೊಸ ದದ್ದು ಕಂಡರೆ ಅದು ಮೈಸೂರಿನಲ್ಲಿ ಕಚ್ಚಿದ್ದೇ ಇರಬಹುದು. ಮನೆಗೆ ತಿಗಣೆ ಬಂದಿದೆಯೇ ಎಂದು ತಿಳಿಯಲು ಮೈಯನ್ನಲ್ಲ, ಹಾಸಿಗೆಯನ್ನು ನೋಡಬೇಕು.

ಸ್ಪ್ರೇ ಯಾಕೆ ಬೇಡ? ಅಂಗಡಿಯಲ್ಲಿ ಸಿಗುವ ಜಿರಳೆ, ಸೊಳ್ಳೆ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ವಿಷ. ಜಗತ್ತಿನ ಎಷ್ಟೋ ಕಡೆ ತಿಗಣೆಗಳು ಅದಕ್ಕೆ ಒಗ್ಗಿಹೋಗಿವೆ. ಹಿಂದೆ ಡಿಡಿಟಿಗೂ ಹೀಗೆಯೇ ಒಗ್ಗಿಕೊಂಡಿದ್ದವು. ಒಗ್ಗದ ತಿಗಣೆಯೂ ಸಾಯಬೇಕಾದರೆ ವಿಷ ಅದರ ಮೈಗೆ ತಾಗಬೇಕು. ಜಿಪ್ಪಿನ ಮಡಿಕೆಯೊಳಗಿನ ತಿಗಣೆಗೆ ಅದು ತಾಗುವುದೇ ಇಲ್ಲ, ವಾಸನೆಗೆ ಬೆದರಿ ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಮೊಟ್ಟೆಗಂತೂ ಏನೂ ಆಗುವುದಿಲ್ಲ. ಕೊನೆಗೆ ಉಳಿಯುವುದು ಮಗುವಿನ ಬಟ್ಟೆಗೆ ಮೆತ್ತಿದ ವಿಷ ಮಾತ್ರ.

ಈಗ ಜಗಲಿಯ ಕೆಲಸ. ಹಗಲು ಹೊತ್ತಿನಲ್ಲಿ, ಬೆಳಕಿರುವಾಗ ಶುರುಮಾಡಿ. ಹಳೆಯ ಬಿಳಿ ಪಂಚೆಯೊಂದನ್ನು ಹಾಸಿ ಅದರ ಮೇಲೆ ಬ್ಯಾಗ್ ಇಡಿ. ಪಕ್ಕದಲ್ಲಿ ಒಂದು ಟಬ್ ಸೋಪಿನ ನೀರು, ಅಗಲದ ಅಂಟು ಟೇಪು, ಟಾರ್ಚು, ದಪ್ಪನೆಯ ಪ್ಲಾಸ್ಟಿಕ್ ಚೀಲಗಳು ಇರಲಿ. ಏನು ಹುಡುಕುತ್ತಿದ್ದೀರಿ ಎಂಬುದು ಕಣ್ಣಿಗೆ ಕಟ್ಟಿರಬೇಕು. ಬೆಳೆದ ತಿಗಣೆ ಸುಮಾರು ಐದು ಮಿಲಿಮೀಟರ್ ಉದ್ದ, ಅಗಸೆ ಬೀಜದ ಹಾಗೆ ಚಪ್ಪಟೆ, ಕಂದು ಬಣ್ಣ. ರಕ್ತ ಕುಡಿದಿದ್ದರೆ ಉಬ್ಬಿ ಕೆಂಪಾಗಿ ಉದ್ದವಾಗಿರುತ್ತದೆ. ಮೊಟ್ಟೆ ಚಿರೋಟಿ ರವೆಯ ಕಾಳಿನಂತೆ ಬೆಳ್ಳಗೆ, ಸುಮಾರು ಒಂದು ಮಿಲಿಮೀಟರ್, ಬಟ್ಟೆಗೆ ಅಂಟಿಕೊಂಡಿರುತ್ತದೆ, ಕೊಡವಿದರೆ ಬೀಳುವುದಿಲ್ಲ. ಆಗಷ್ಟೇ ಒಡೆದು ಬಂದ ಮರಿ ಒಂದೂವರೆ ಮಿಲಿಮೀಟರ್, ಒಣಹುಲ್ಲಿನ ಬಣ್ಣ, ಬಿಳಿ ಬಟ್ಟೆಯ ಮೇಲೆ ಹರಿದಾಡದಿದ್ದರೆ ಗೊತ್ತೇ ಆಗುವುದಿಲ್ಲ. ಕಪ್ಪು ಚುಕ್ಕೆ ಕಂಡರೆ ಒದ್ದೆ ಬಟ್ಟೆಯಿಂದ ಉಜ್ಜಿ. ಕೆಂಪುಮಿಶ್ರಿತ ಕಂದಾಗಿ ಕದಡಿದರೆ ಅದು ತಿಗಣೆಯ ಹಿಕ್ಕೆ. ಹಾಗೆ ಕದಡದೆ ಪುಡಿಯಾಗಿ ಉದುರಿದರೆ ಧೂಳೋ ಬೂಷ್ಟೋ ಇರಬೇಕು.

ಬಟ್ಟೆಗಳನ್ನು ಒಂದೊಂದಾಗಿ ಎತ್ತಿ, ಪಂಚೆಯ ಮೇಲೆ ಕೊಡವಿ, ಎರಡು ಚೀಲಗಳಿಗೆ ಹಾಕುತ್ತಾ ಹೋಗಿ: ಬಿಸಿನೀರು ತಡೆಯುವಂಥದ್ದು ಒಂದು, ತಡೆಯದ್ದು ಇನ್ನೊಂದು. ಲಾಡ್ಜಿನಲ್ಲಿ ಹಾಕಿಕೊಳ್ಳದೆ ಮಡಿಸಿಯೇ ಇದ್ದ ಬಟ್ಟೆಯನ್ನೂ ಬಿಡಬೇಡಿ. ತಿಗಣೆಗೆ ಬೇಕಾದದ್ದು ಕತ್ತಲೆ ಮತ್ತು ಇಕ್ಕಟ್ಟು, ಬಟ್ಟೆ ಕೊಳೆಯೋ ಮಡಿಯೋ ಎಂದು ಅದು ನೋಡುವುದಿಲ್ಲ. ಆದರೂ ಹಾಕಿ ಬಿಚ್ಚಿದ ಬಟ್ಟೆಯಲ್ಲಿ ನಮ್ಮ ಮೈವಾಸನೆ ಇರುವುದರಿಂದ ಅವು ಅಲ್ಲಿಗೆ ಹೆಚ್ಚು ಬರುತ್ತವೆ. ಆ ಚೀಲವನ್ನು ಮೊದಲು ಮುಗಿಸಿ.

ಫ್ರಂಟ್‌ಲೋಡ್ ಮೆಷಿನ್ ಇದ್ದರೆ 60 ಡಿಗ್ರಿಯ ಕಾಟನ್ ಪ್ರೋಗ್ರಾಂ ಇಟ್ಟು ಒಗೆಯಿರಿ, ಮೊಟ್ಟೆ ಸಮೇತ ಸಾಯುತ್ತವೆ. 40 ಡಿಗ್ರಿಯಲ್ಲಿ ಮೊಟ್ಟೆಗಳು ಉಳಿದುಕೊಳ್ಳಬಹುದು, ತಣ್ಣೀರಿನಲ್ಲಿ ಎಷ್ಟು ಸೋಪು ಹಾಕಿದರೂ ನಂಬುವ ಹಾಗಿಲ್ಲ. ಹೀಟರ್ ಇಲ್ಲದ ಟಾಪ್‌ಲೋಡ್ ಮೆಷಿನ್ ಆದರೆ ಮೊದಲು ಬಕೆಟ್ಟಿನಲ್ಲಿ ನೆನೆಸಬೇಕು. ಒಂದು ಕೆಜಿ ಒಣಬಟ್ಟೆಗೆ ಐದು ಲೀಟರ್ ನೀರು, ನೀರು 75 ಡಿಗ್ರಿಯ ಸುಮಾರಿಗೆ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ನಾಲ್ಕು ಪಾಲು ಕುದಿಯುವ ನೀರಿಗೆ ಎರಡು ಪಾಲು ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಅಷ್ಟಕ್ಕೆ ಬರುತ್ತದೆ. ಬಟ್ಟೆಯನ್ನು ಕೋಲಿನಿಂದ ಅದುಮಿ ಪೂರ್ತಿ ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ, ಆಮೇಲೆ ಎಂದಿನಂತೆ ಒಗೆಯಿರಿ. ಇಲ್ಲಿ ಆಗುವ ತಪ್ಪು ಒಂದೇ: ಬಕೆಟ್ ತುಂಬ ಬಟ್ಟೆ ತುರುಕಿ ಮೇಲೆ ಒಂದು ಚೊಂಬು ಬಿಸಿನೀರು ಹೊಯ್ಯುವುದು. ನಡುವಿನ ಬಟ್ಟೆ ಬೆಚ್ಚಗಾಗುತ್ತದೆ ಅಷ್ಟೇ, ಬಿಸಿಯಾಗುವುದಿಲ್ಲ. ಮಗುವಿನ ಗೊಂಬೆ ಒಗೆಯುವಂಥದ್ದಾದರೆ ಅದಕ್ಕೂ ಇದೇ ಉಪಚಾರ. ಬಕೆಟ್ಟನ್ನು ಮಗುವಿನ ಕೈಗೆಟುಕದಂತೆ ಬಚ್ಚಲಿನ ಬಾಗಿಲು ಹಾಕಿಡಿ.

ಇನ್ನು ರೇಷ್ಮೆ ಸೀರೆ. ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ನಾಜೂಕಿನ ಭಾಗ ಇದು, ದಾರಿ ಮೂರಿವೆ.

ಎರಡು ಬಾಗಿಲಿನ ಫ್ರಿಜ್ ಇದ್ದರೆ ಫ್ರೀಜರ್ ಅತ್ಯುತ್ತಮ. ಸೀರೆಯನ್ನು ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಚಪ್ಪಟೆಯಾಗಿ ಇಡಿ. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ಪೂರ್ತಿ ದಿನ ಇರಬೇಕು. ಸೀರೆಯ ನಡುಮಡಿಕೆಗೆ ಚಳಿ ಇಳಿಯಲು ಹೊತ್ತು ಹಿಡಿಯುವುದರಿಂದ ಇನ್ನೂ ಒಂದು ದಿನ ಸೇರಿಸಿದರೆ ಒಳ್ಳೆಯದು. ನಾಲ್ಕನ್ನೂ ಒಂದೇ ಗಂಟು ಕಟ್ಟಬೇಡಿ, ಒಂದೊಂದಕ್ಕೆ ಒಂದೊಂದು ಚೀಲ. ಹೊರತೆಗೆದ ತಕ್ಷಣ ಚೀಲ ಬಿಚ್ಚಿದರೆ ತಣ್ಣನೆಯ ಜರಿಯ ಮೇಲೆ ಹಬೆ ಕೂತು ನೀರಾಗುತ್ತದೆ, ಬೆಳ್ಳಿಯ ಜರಿ ತೇವಕ್ಕೆ ಕಪ್ಪಾಗುತ್ತದೆ. ಚೀಲ ಮುಚ್ಚಿದಂತೆಯೇ ಅರ್ಧ ದಿನ ಬಿಟ್ಟು, ಮುಟ್ಟಿದರೆ ತಂಪು ಹತ್ತದಿದ್ದಾಗ ಬಿಚ್ಚಿ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಡಬ್ಬಿ ಬಹಳ ಸಲ ಅಷ್ಟು ತಂಪಾಗುವುದಿಲ್ಲ. ಅದನ್ನು ನೆಚ್ಚಬೇಡಿ.

ಎರಡನೆಯದು ಇಸ್ತ್ರಿ. ರೇಷ್ಮೆಯ ಮಟ್ಟಕ್ಕೆ ಇಟ್ಟ ಇಸ್ತ್ರಿ ಪೆಟ್ಟಿಗೆಯ ಬಿಸಿ ತಿಗಣೆಗೂ ಮೊಟ್ಟೆಗೂ ಬೇಕಾದಷ್ಟಕ್ಕಿಂತ ಹೆಚ್ಚೇ. ಆದರೆ ಅದು ತಾಗಬೇಕು. ಸೀರೆಯನ್ನು ಪೂರ್ತಿ ಬಿಚ್ಚಿ, ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ನೀರು ಚಿಮುಕಿಸದೆ, ನಿಧಾನವಾಗಿ ಎರಡೂ ಬದಿ ಮಾಡಿ. ಐದೂವರೆ ಮೀಟರಿನ ಬಯಲಿನಲ್ಲಿ ತಿಗಣೆಗೆ ಅಡಗುವ ಜಾಗವಿಲ್ಲ. ಅಡಗುವುದಾದರೆ ಫಾಲ್ಸ್ ಹೊಲಿದ ಅಂಚಿನೊಳಗೆ, ಸೆರಗಿನ ಕುಚ್ಚಿನ ಗಂಟಿನ ಹಿಂದೆ, ಮಡಿಸಿ ಹೊಲಿದ ಕೊನೆಯಲ್ಲಿ. ಫಾಲ್ಸನ್ನು ಬೆರಳಿನಿಂದ ಎತ್ತಿ ಟಾರ್ಚ್ ಬಿಟ್ಟು ನೋಡಿ. ರವಿಕೆಯಲ್ಲಿ ಕಂಕುಳಿನ ಹೊಲಿಗೆ, ಪ್ಯಾಡ್, ಹುಕ್ಕಿನ ಪಟ್ಟಿ ನೋಡಿ. ಮೂರನೆಯದು ಡ್ರೈಕ್ಲೀನಿಂಗ್. ಅದರಲ್ಲೂ ಸಾಯುತ್ತವೆ. ಆದರೆ ಅಂಗಡಿಯವರಿಗೆ ವಿಷಯ ಮೊದಲೇ ಹೇಳಿ, ಚೀಲ ಬಿಗಿಯಾಗಿ ಕಟ್ಟಿಯೇ ಕೊಡಿ. ಹೇಳದೆ ಕೊಟ್ಟರೆ ಬೇರೆಯವರ ಮನೆಯ ಬಟ್ಟೆಗೆ ನೀವೇ ಹತ್ತಿಸಿದಂತಾಗುತ್ತದೆ. ಲಾಡ್ಜಿನಲ್ಲಿ ತೆರೆಯದೆ ಮುಚ್ಚಿದ ಡಬ್ಬಿಯಲ್ಲೇ ಉಳಿದ ಸೀರೆಯಿದ್ದರೆ ಅಪಾಯ ಕಡಿಮೆ, ಕಣ್ಣಾಡಿಸಿದರೆ ಸಾಕು.

ಬಟ್ಟೆ ಮುಗಿದ ಮೇಲೆ ಖಾಲಿ ಬ್ಯಾಗ್. ಜನ ಬಟ್ಟೆಗೆ ಪಟ್ಟಷ್ಟು ಶ್ರಮವನ್ನು ಬ್ಯಾಗಿಗೆ ಪಡುವುದಿಲ್ಲ, ತಿಗಣೆ ಮನೆ ಸೇರುವುದು ಇದರಿಂದಲೇ. ಟ್ರಾಲಿ ಬ್ಯಾಗಿನ ಒಳಬಟ್ಟೆಗೆ ಒಂದು ಜಿಪ್ ಇರುತ್ತದೆ, ಅದನ್ನು ಪೂರ್ತಿ ಬಿಚ್ಚಿ. ಒಳಗೆ ಹಿಡಿಕೆಯ ಎರಡು ಕೊಳವೆ ಕಾಣುತ್ತವೆ, ಅವುಗಳ ಬದಿಯ ಸಂದಿ ತಿಗಣೆಗೆ ಹೇಳಿಮಾಡಿಸಿದ ಜಾಗ. ಆಮೇಲೆ ದೊಡ್ಡ ಜಿಪ್ಪಿನ ಮೇಲೆ ಮುಚ್ಚಿಕೊಂಡಿರುವ ಬಟ್ಟೆಪಟ್ಟಿ, ಮೂಲೆಗಳ ಪೈಪಿಂಗ್, ಚಕ್ರದ ಗೂಡು, ಹೆಸರು ಬರೆಯುವ ಚೀಟಿಯ ಹಿಂಬದಿ. ಹಳೆಯ ಎಟಿಎಂ ಕಾರ್ಡನ್ನು ಹೊಲಿಗೆಯ ಗುಂಟ ಎಳೆಯುತ್ತಾ ಹೋಗಿ. ಕಾರ್ಡಿನ ಅಂಚು ಹೋಗುವಲ್ಲಿ ತಿಗಣೆಯೂ ಹೋಗುತ್ತದೆ, ಕಾರ್ಡು ಬಂದಾಗ ಅದು ಹೊರಬೀಳುತ್ತದೆ. ಕಂಡದ್ದನ್ನು ಟೇಪಿಗೆ ಅಂಟಿಸಿ ಮಡಚಿ, ಇಲ್ಲವೇ ಸೋಪಿನ ನೀರಿಗೆ ಹಾಕಿ.

ಇದಾದ ಮೇಲೆ ಬಟ್ಟೆಗೆ ಹಿಡಿಯುವ ಸ್ಟೀಮರ್ ಇದ್ದರೆ ಹೊಲಿಗೆಗಳಿಗೆ ಹಬೆ ಹಿಡಿಯಿರಿ. ಒಂದು ಅಡಿ ಸಾಗಲು ಹತ್ತು ಹದಿನೈದು ಸೆಕೆಂಡು ಬೇಕು. ಹಬೆ ರಭಸವಾಗಿ ಬಂದರೆ ಮರಿಗಳು ಹಾರಿ ಬೇರೆಡೆ ಬೀಳುತ್ತವೆ, ಮೂತಿಗೆ ತೆಳು ಬಟ್ಟೆ ಸುತ್ತಿಕೊಳ್ಳಿ. ಕೂದಲು ಒಣಗಿಸುವ ಡ್ರೈಯರ್ ಇದೇ ಕಾರಣಕ್ಕೆ ಆಗುವುದಿಲ್ಲ. ಸ್ಟೀಮರ್ ಇಲ್ಲದಿದ್ದರೆ ವ್ಯಾಕ್ಯೂಮ್ ಕ್ಲೀನರಿನ ಸಪೂರ ಮೂತಿಯಿಂದ ಎಲ್ಲ ಹೊಲಿಗೆ ಎಳೆದು, ಅದರ ಧೂಳಿನ ಚೀಲವನ್ನು ಕೂಡಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಹೊರಗೆ ಹಾಕಿ. ಬಟ್ಟೆಯ ಕೈಚೀಲವಾದರೆ ಇಷ್ಟೆಲ್ಲ ಬೇಡ, ಬಿಸಿನೀರಿನ ಬಕೆಟ್ಟಿಗೇ ಹಾಕಿ. ಕೊನೆಗೆ ಹಾಸಿದ ಪಂಚೆಯನ್ನೂ, ಈ ಕೆಲಸ ಮಾಡುವಾಗ ನೀವು ಉಟ್ಟಿದ್ದ ಬಟ್ಟೆಯನ್ನೂ ಅದೇ ಬಿಸಿನೀರಿಗೆ.

ಬಿಸಿಲಿಲ್ಲ ಎಂದು ಬೇಸರ ಬೇಡ. ಏಪ್ರಿಲ್ ಬಿಸಿಲಿನಲ್ಲೂ ಕಪ್ಪು ಚೀಲದ ಹೊರಮೈ ಸುಡುತ್ತದೆಯೇ ಹೊರತು ತುಂಬಿದ ಬ್ಯಾಗಿನ ನಡುಭಾಗ ಬಿಸಿಯಾಗಲು ಬಹಳ ಹೊತ್ತು ಬೇಕು, ಅಷ್ಟರಲ್ಲಿ ತಿಗಣೆ ತಣ್ಣಗಿರುವ ಕಡೆಗೆ ನಡೆದಿರುತ್ತದೆ. ಒಳಗಿನ ಉಷ್ಣ 50 ಡಿಗ್ರಿ ಮುಟ್ಟಿ ಒಂದೆರಡು ಗಂಟೆ ನಿಂತರೆ ಮಾತ್ರ ಪ್ರಯೋಜನ. ಹಿಂದಿನವರು ಮಂಚವನ್ನು ಅಂಗಳಕ್ಕೆ ಎಳೆದು ಸಂದಿಸಂದಿಗೆ ಕುದಿಯುವ ನೀರು ಹೊಯ್ಯುತ್ತಿದ್ದರಲ್ಲ, ಆಗ ತಿಗಣೆ ಸಾಯುತ್ತಿದ್ದದ್ದು ಆ ನೀರಿಗೆ. ಬ್ಯಾಗನ್ನು ಹದಿನೈದು ದಿನ ಕಟ್ಟಿಟ್ಟರೆ ಹಸಿವಿನಿಂದ ಸಾಯುತ್ತವೆ ಎಂಬ ಮಾತನ್ನೂ ನಂಬಬೇಡಿ, ರಕ್ತವಿಲ್ಲದೆ ಅವು ತಿಂಗಳುಗಟ್ಟಲೆ ಬದುಕುತ್ತವೆ. ಸೀಮೆಎಣ್ಣೆ, ಪೆಟ್ರೋಲ್ ಸವರುವುದು ಬೇಡವೇ ಬೇಡ, ಬೆಂಕಿಯ ಅಪಾಯ.

ಇಷ್ಟು ಮಾಡಿದ ಮೇಲೂ ಎಂಟು ವಾರ ಹಾಸಿಗೆಯ ಮೇಲೆ ಕಣ್ಣಿಡಿ. ಮೊಟ್ಟೆ ಒಡೆಯಲು ಆರರಿಂದ ಹತ್ತು ದಿನ, ಮರಿ ಐದು ಸಲ ಪೊರೆ ಕಳಚಿ ದೊಡ್ಡದಾಗಲು ಐದಾರು ವಾರವೋ ಸ್ವಲ್ಪ ಹೆಚ್ಚೋ ಬೇಕು, ಪ್ರತಿ ಪೊರೆಗೆ ಮೊದಲು ಒಮ್ಮೆ ರಕ್ತ ಕುಡಿಯಲೇಬೇಕು. ವಾರಕ್ಕೊಮ್ಮೆ ತಲೆಕಡೆಯ ಎರಡು ಮೂಲೆಗಳಲ್ಲಿ ಹೊದಿಕೆ ಎತ್ತಿ ಹಾಸಿಗೆಯ ಅಂಚಿನ ಹೊಲಿಗೆ, ಮಂಚದ ಹಲಗೆ ಕೂಡುವ ಜಾಗ, ಸ್ಕ್ರೂ ತೂತು ನೋಡಿ. ಕಂಡರೆ ಗಾಬರಿಯಲ್ಲಿ ಹಾಲಿಗೆ ಹೋಗಿ ಮಲಗಬೇಡಿ. ನಾವು ಬಿಡುವ ಉಸಿರು ಮತ್ತು ಮೈಬಿಸಿ ಹಿಡಿದು ಅವೂ ಹಾಲಿಗೆ ಬರುತ್ತವೆ, ಒಂದು ಕೋಣೆಯ ಕೆಲಸ ಎರಡಾಗುತ್ತದೆ.

ಪೆಸ್ಟ್ ಕಂಟ್ರೋಲಿನವರನ್ನು ಕರೆಯಬೇಕಾಗಿ ಬಂದರೆ ಯಾವ ಔಷಧ, ಎಷ್ಟು ಗಂಟೆ ಮನೆ ಬಿಡಬೇಕು ಎಂದು ಬರೆಸಿಕೊಳ್ಳಿ. ಮೊಟ್ಟೆಗೆ ಔಷಧ ತಾಗದ ಕಾರಣ ಸುಮಾರು ಎರಡು ವಾರ ಬಿಟ್ಟು ಎರಡನೇ ಸಲ ಹೊಡೆಯಲೇಬೇಕು. ಒಂದೇ ಸಲಕ್ಕೆ ಗ್ಯಾರಂಟಿ ಎನ್ನುವವರು ಬೇಡ. ಗುಳಿಗೆ ಇಟ್ಟು ಬಾಗಿಲು ಹಾಕುತ್ತೇವೆ ಎಂದರೆ ಒಳಗೇ ಬಿಡಬೇಡಿ. ಅದು ಧಾನ್ಯದ ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿ ಫಾಸ್ಫೀನ್ ಅನಿಲವಾಗುತ್ತದೆ, ಗೋಡೆಯ ಬಿರುಕಿನಿಂದ ಪಕ್ಕದ ಮನೆಗೂ ನುಗ್ಗುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಕೀಟನಾಶಕ ಹಾಕಿದ ಮನೆ, ಕೋಣೆಗಳಿಗೆ ಬೇಗ ಮರಳಿದವರು ಜೀವ ಕಳೆದುಕೊಂಡ ಘಟನೆಗಳು ಬೆಂಗಳೂರಿನಲ್ಲೇ ಆಗಿವೆ. ತಿಗಣೆಯಿಂದ ಯಾರೂ ಸಾಯುವುದಿಲ್ಲ, ಅದನ್ನು ಕೊಲ್ಲುವ ಅವಸರಕ್ಕೆ ಸಾಯಬಾರದು.

ಮುಂದಿನ ಸಲ ಪ್ರಯಾಣ ಹೋದಾಗ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಬ್ಯಾಗನ್ನು ಮಂಚದ ಮೇಲೆ ಎಸೆಯಬೇಡಿ. ಬಚ್ಚಲಿನ ಒಣಗಿದ ಟೈಲ್ಸ್ ಮೇಲಿಟ್ಟು, ಐದು ನಿಮಿಷ ಮಂಚದ ತಲೆಕಡೆ ನೋಡಿ. ಹೊದಿಕೆ ಬಿಳಿಯಾಗಿದೆ ಎಂದು ಸಮಾಧಾನಪಡಬೇಡಿ, ಅದನ್ನು ದಿನಾ ಬದಲಿಸುತ್ತಾರೆ. ಕೆಳಗಿನ ಹಾಸಿಗೆಯ ಅಂಚು, ತಲೆಹಲಗೆಗೂ ಗೋಡೆಗೂ ನಡುವಿನ ಸಂದಿ, ಪ್ಲೈವುಡ್ಡಿನ ಮೇಲಿನ ಸನ್‌ಮೈಕ ಎದ್ದಿರುವ ಜಾಗ, ಪರದೆಯ ಮಡಿಕೆ, ಇವೇ ಮುಖ್ಯ. ನುಣುಪಾದ ಪ್ಲಾಸ್ಟಿಕ್, ಗಾಜು, ಟೈಲ್ಸನ್ನು ತಿಗಣೆ ಹತ್ತಲಾರದು ಎಂದು ಇಂಟರ್‌ನೆಟ್ಟಿನಲ್ಲಿ ಓದಿರಬಹುದು. ಅದು ಯುರೋಪ್, ಅಮೆರಿಕದಲ್ಲಿ ಹೆಚ್ಚಾಗಿರುವ ಸೈಮೆಕ್ಸ್ ಲೆಕ್ಟುಲೇರಿಯಸ್ ಜಾತಿಗೆ ಹೊಂದುವ ಮಾತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಸೈಮೆಕ್ಸ್ ಹೆಮಿಪ್ಟೆರಸ್ ಜಾತಿಯ ಕಾಲಿನಲ್ಲಿ ಹಿಡಿತದ ಕೂದಲು ಹೆಚ್ಚು, ನುಣುಪು ಗೋಡೆಯನ್ನೂ ಹತ್ತಬಲ್ಲದು. ಹಾಗಾಗಿ ಬಚ್ಚಲಿನಲ್ಲಿಟ್ಟರೂ ರಾತ್ರಿ ಬ್ಯಾಗಿನ ಜಿಪ್ ಎಳೆದು, ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಗಂಟು ಕಟ್ಟುವುದೇ ಕ್ಷೇಮ. ದಪ್ಪ ಕಸದ ಚೀಲ ನಾಲ್ಕು ಮಡಚಿ ಬ್ಯಾಗಿನಲ್ಲಿಟ್ಟುಕೊಂಡರೆ ಭಾರವೇನಾಗದು.

ನಡುರಾತ್ರಿ ತಿಗಣೆ ಕಂಡರೆ ಹೊಸಕಬೇಡಿ. ಟೇಪಿಗೋ ಸಣ್ಣ ಡಬ್ಬಿಗೋ ಹಿಡಿದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ಹಾಸಿಗೆಯ ಚುಕ್ಕೆಗಳದ್ದೂ ಒಂದು, ಕೋಣೆಯ ನಂಬರಿನದ್ದೂ ಒಂದು. ಬೇರೆ ಕೋಣೆ ಕೇಳುವಾಗ ಪಕ್ಕದ್ದು, ಸರಿಯಾಗಿ ಮೇಲಿನದ್ದು, ಕೆಳಗಿನದ್ದು ಬೇಡ ಎನ್ನಿ. ವೈರಿನ ಪೈಪು, ಗೋಡೆಯ ಬಿರುಕು ಹಿಡಿದು ಅವು ಅಕ್ಕಪಕ್ಕಕ್ಕೆ ಹೋಗಿರುತ್ತವೆ. ನಿಮಗೆ ಪಕ್ಕದ ಕೋಣೆ ಕೊಟ್ಟದ್ದರಿಂದ ಅಲ್ಲಿಯೂ ಬ್ಯಾಗಿಗೆ ಹತ್ತಿರಬಹುದೆಂದೇ ಲೆಕ್ಕ ಹಿಡಿಯಿರಿ.

ಹಣದ ವಿಷಯ. ಕೊಟ್ಟ ದುಡ್ಡಿಗೆ ಮಲಗಲು ಯೋಗ್ಯವಾದ ಹಾಸಿಗೆ ಸಿಗದಿದ್ದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ. ಮೊದಲು ಲಾಡ್ಜಿನವರಿಗೆ, ಆ್ಯಪ್ ಮೂಲಕ ಬುಕ್ ಮಾಡಿದ್ದರೆ ಅವರಿಗೂ, ತಾರೀಖು, ಕೋಣೆ ನಂಬರ್, ಫೋಟೋ, ಬಿಲ್ಲು ಸಮೇತ ಬರೆದು ಕೋಣೆಯ ಬಾಡಿಗೆ, ಬಟ್ಟೆ ಶುಚಿಗೊಳಿಸಿದ ಖರ್ಚು ಕೇಳಿ. ಫೋನಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಇರುವ ಶಿವಮೊಗ್ಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 2022ರ ಆಗಸ್ಟಿನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಸ್ಲೀಪರ್ ಬಸ್ಸಿನಲ್ಲಿ ಹೋಗುವಾಗ ತಿಗಣೆ ಕಚ್ಚಿಸಿಕೊಂಡ ಮಹಿಳೆಯೊಬ್ಬರಿಗೆ ದಕ್ಷಿಣ ಕನ್ನಡ ಜಿಲ್ಲಾ ಆಯೋಗ ಒಂದು ಲಕ್ಷ ರೂಪಾಯಿ ಪರಿಹಾರ, ಅದರ ಜೊತೆಗೆ ಟಿಕೆಟಿನ ₹850 ಕೊಡಿಸಿತು. ಮಗುವಿನ ದದ್ದಿನ ಫೋಟೋ, ಡಾಕ್ಟರ ಚೀಟಿ ಇದ್ದರೆ ಎತ್ತಿಡಿ.

ಕೊನೆಯದಾಗಿ, ಮದುವೆಗೆ ಬಂದು ಅದೇ ಲಾಡ್ಜಿನಲ್ಲಿ ಇಳಿದಿದ್ದ ಬೇರೆ ನೆಂಟರಿದ್ದರೆ ಇವತ್ತೇ ಫೋನ್ ಮಾಡಿ ತಿಳಿಸಿ. ಸಂಕೋಚಪಡಬೇಡಿ, ತಿಗಣೆ ಬರುವುದು ಕೊಳಕಿನಿಂದಲ್ಲ, ಬ್ಯಾಗಿನಿಂದ. ಅವರ ಬ್ಯಾಗು ಈಗಾಗಲೇ ಬೀರುವಿನ ಮೇಲೋ ಮಂಚದ ಕೆಳಗೋ ಸೇರಿದ್ದರೆ ಮೊದಲು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಡಲು ಹೇಳಿ, ಉಳಿದದ್ದನ್ನು ಆಮೇಲೆ ಮಾತಾಡಿ.